ಎಡಿಟರ್ ಏಕೆ ಹಟ ಮಾಡುತ್ತದೆ? ಕೆಲವು ತೊಡಕುಗಳ ಚರಿತ್ರೆ

ಗಣಕಯಂತ್ರಕ್ಕೆ ನಾವು ಕೊಡುವ ಆದೇಶಗಳ ಸರಣಿಗೆ ಪ್ರೋಗ್ರಾಂ ಎನ್ನುತ್ತೇವೆ. ಈ ಆದೇಶಗಳನ್ನು ಬರೆಯಲು, ತಿದ್ದಲು, ಕಡತವಾಗಿ ಉಳಿಸಿಡಲು ಬಳಸುವ ತಂತ್ರಾಂಶವೇ ಕೋಡ್ ಎಡಿಟರ್. ಬಡಗಿಗೆ ಉಳಿ ಹೇಗೋ ಪ್ರೋಗ್ರಾಂ ಬರೆಯುವವರಿಗೆ ಎಡಿಟರ್ ಹಾಗೆ. ಆದರೆ ಹೊಸದಾಗಿ ಕಲಿಯುವವರನ್ನು ಎಷ್ಟೋ ಸಲ ಕಾಡುವುದು ಪ್ರೋಗ್ರಾಮಿನ ತರ್ಕವಲ್ಲ, ಈ ಉಳಿಯೇ. ಪುಸ್ತಕದಲ್ಲಿ ಇದ್ದದ್ದನ್ನು ಇದ್ದ ಹಾಗೆಯೇ ಬರೆದಿರುತ್ತೇವೆ. ಆದರೂ ಪ್ರೋಗ್ರಾಂ ಓಡುವುದಿಲ್ಲ. ಕಣ್ಣಿಗೆ ಯಾವ ತಪ್ಪೂ ಕಾಣುವುದಿಲ್ಲ. ಆದರೂ ಗಣಕಯಂತ್ರ ತಪ್ಪಿದೆ ಎನ್ನುತ್ತದೆ. ಒಂದು ಕೀಲಿ ಒತ್ತಿದೊಡನೆ ಪರದೆ ಕಲ್ಲಿನಂತೆ ನಿಂತುಬಿಡುತ್ತದೆ. ಕನ್ನಡದ ಕಡತವನ್ನು ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ರಾಶಿ ಎದುರಾಗುತ್ತದೆ.

ಇಂಥ ಹೊತ್ತಿನಲ್ಲಿ "ಈ ವಿದ್ಯೆ ನನ್ನ ತಲೆಗೆ ಹತ್ತುವಂಥದ್ದಲ್ಲ" ಎಂದು ಕೈಚೆಲ್ಲುವ ವಿದ್ಯಾರ್ಥಿಗಳು ಕಡಿಮೆಯಿಲ್ಲ. ಅವರು ತಮಗೆ ತಾವೇ ಅನ್ಯಾಯ ಮಾಡಿಕೊಳ್ಳುತ್ತಾರೆ. ಈ ತೊಡಕುಗಳಲ್ಲಿ ಬಹುಪಾಲು ಹುಟ್ಟಿದ್ದು ಕಲಿಯುವವರ ದಡ್ಡತನದಿಂದಲ್ಲ, ಎಡಿಟರ್ ಕೆಟ್ಟುಹೋದದ್ದರಿಂದಲೂ ಅಲ್ಲ. ನಲವತ್ತು, ಐವತ್ತು, ಅರವತ್ತು ವರ್ಷಗಳ ಹಿಂದೆ ಬೇರೆ ಬೇರೆ ಯಂತ್ರಗಳ ಮುಂದೆ ಕುಳಿತಿದ್ದವರು ಅಂದಿನ ಅಗತ್ಯಕ್ಕೆ ತಕ್ಕಂತೆ ಕೆಲವು ತೀರ್ಮಾನಗಳನ್ನು ಕೈಗೊಂಡರು. ಯಂತ್ರಗಳು ಮೂಲೆ ಸೇರಿದವು. ತೀರ್ಮಾನಗಳು ಮಾತ್ರ ಉಳಿದುಕೊಂಡವು. ಅವುಗಳ ಚರಿತ್ರೆ ತಿಳಿದರೆ ತೊಡಕನ್ನು ಗುರುತಿಸುವುದೂ ಬಿಡಿಸುವುದೂ ಸುಲಭ.

ಮೈಕ್ರೋಸಾಫ್ಟ್ ಸಂಸ್ಥೆ 2015ರಲ್ಲಿ ಪ್ರಕಟಿಸಿದ ವಿಷುಯಲ್ ಸ್ಟುಡಿಯೊ ಕೋಡ್ ಎಂಬ ಎಡಿಟರಿನಲ್ಲಿ ಒಂದು ಕಡತ ತೆರೆದು, ಪರದೆಯ ಕೆಳಗಿನ ಪಟ್ಟಿಯ ಬಲತುದಿಯನ್ನು ಗಮನಿಸಿ. ಅಲ್ಲಿ ಮೂರು ಸಣ್ಣ ಬರಹಗಳಿರುತ್ತವೆ: 'ಸ್ಪೇಸಸ್ 4', 'ಯುಟಿಎಫ್-8', 'ಎಲ್‌ಎಫ್' ಅಥವಾ 'ಸಿಆರ್‌ಎಲ್‌ಎಫ್'. ಈ ಮೂರೂ ಮೂರು ಹಳೆಯ ಕಥೆಗಳ ಗುರುತುಗಳು. ಕೊನೆಯದರಿಂದಲೇ ಆರಂಭಿಸೋಣ.

ಸಾಲಿನ ಕೊನೆಯಲ್ಲಿ ಏನಿದೆ?

ಪರದೆಗಳು ಬಳಕೆಗೆ ಬರುವ ಮೊದಲು ಗಣಕಯಂತ್ರದೊಡನೆ ಮಾತನಾಡಲು ಟೆಲಿಟೈಪ್ ಎಂಬ ಯಂತ್ರವಿತ್ತು. ದೂರದಿಂದ ಬಂದ ಸಂಕೇತಗಳನ್ನು ಕಾಗದದ ಮೇಲೆ ಅಚ್ಚೊತ್ತುವ ಬೆರಳಚ್ಚು ಯಂತ್ರ ಅದು. 1963ರಲ್ಲಿ ಬಂದ 'ಮಾಡೆಲ್ 33' ಎಂಬ ಟೆಲಿಟೈಪು ಸೆಕೆಂಡಿಗೆ 10 ಅಕ್ಷರ ಅಚ್ಚು ಹಾಕುತ್ತಿತ್ತು. ಒಂದು ಸಾಲು ಮುಗಿದ ಮೇಲೆ ಅದು ಎರಡು ಕೆಲಸ ಮಾಡಬೇಕಿತ್ತು. ಒಂದು, ಅಚ್ಚೊತ್ತುವ ತಲೆಯನ್ನು ಎಡತುದಿಗೆ ಮರಳಿಸುವುದು. ಇದು 'ಕ್ಯಾರಿಯೇಜ್ ರಿಟರ್ನ್'. ಇನ್ನೊಂದು, ಕಾಗದವನ್ನು ಒಂದು ಸಾಲು ಮೇಲಕ್ಕೆ ಸರಿಸುವುದು. ಇದು 'ಲೈನ್ ಫೀಡ್'. ಎರಡು ಕೆಲಸಕ್ಕೆ ಎರಡು ಸಂಕೇತ. ಅದೇ ವರ್ಷ ರೂಪುಗೊಂಡ ಆಸ್ಕಿ ಸಂಕೇತಪಟ್ಟಿಯಲ್ಲಿ ಮೊದಲನೆಯದರ ಸಂಖ್ಯೆ 13, ಎರಡನೆಯದರದು 10. ಬಲತುದಿಯಿಂದ ಎಡತುದಿಗೆ ಬರಲು ಆ ಯಂತ್ರಕ್ಕೆ ಒಂದು ಅಕ್ಷರದ ಹೊತ್ತು, ಅಂದರೆ ಸೆಕೆಂಡಿನ ಹತ್ತನೆಯ ಒಂದು ಭಾಗ, ಸಾಲುತ್ತಿರಲಿಲ್ಲ. ಎರಡು ಸಂಕೇತ ಕಳಿಸಿದರೆ ತುಸು ಬಿಡುವು ಸಿಗುತ್ತಿತ್ತು ಎಂಬುದೂ ಒಂದು ಅನುಕೂಲ.

ಮುಂದೆ ದಾರಿಗಳು ಕವಲೊಡೆದವು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1969ರಲ್ಲಿ ಆರಂಭವಾದ ಯುನಿಕ್ಸ್ ವ್ಯವಸ್ಥೆ, ಅದಕ್ಕೂ ಹಿಂದಿನ ಮಲ್ಟಿಕ್ಸ್ ವ್ಯವಸ್ಥೆಯನ್ನು ಅನುಸರಿಸಿ, ಕಡತದಲ್ಲಿ ಲೈನ್ ಫೀಡ್ ಒಂದೇ ಸಾಕು ಎಂದಿತು. ಸಿಪಿ/ಎಂ ಎಂಬ ವ್ಯವಸ್ಥೆ ಎರಡನ್ನೂ ಇಟ್ಟುಕೊಂಡಿತು; 1981ರ ಎಂಎಸ್-ಡಾಸ್ ಅದನ್ನೇ ಪಾಲಿಸಿತು; ಡಾಸ್‌ನಿಂದ ಅದು ವಿಂಡೋಸ್‌ಗೆ ಬಂದಿತು. 1984ರ ಮ್ಯಾಕಿಂಟಾಷ್ ಕ್ಯಾರಿಯೇಜ್ ರಿಟರ್ನ್ ಒಂದನ್ನೇ ಬಳಸಿತು. ಯುನಿಕ್ಸ್ ಬುನಾದಿಯ ಮೇಲೆ ಕಟ್ಟಿದ ಮ್ಯಾಕ್ ಓಎಸ್ ಟೆನ್ 2001ರಲ್ಲಿ ಬಂದ ಮೇಲೆ ಅಲ್ಲಿಯೂ ಲೈನ್ ಫೀಡ್ ನೆಲೆಯೂರಿತು.

ಈ ಹಳೆಯ ಭಿನ್ನಾಭಿಪ್ರಾಯ ಇಂದಿನ ವಿದ್ಯಾರ್ಥಿಗೆ ಹೇಗೆ ತಟ್ಟುತ್ತದೆ? ವಿಂಡೋಸ್‌ನಲ್ಲಿ ಬರೆದ ಒಂದು ಸ್ಕ್ರಿಪ್ಟನ್ನು ಲಿನಕ್ಸ್‌ನಲ್ಲಿ ಓಡಿಸಿದರೆ 'ಬ್ಯಾಡ್ ಇಂಟರ್‌ಪ್ರಿಟರ್' ಎಂಬ ದೂರು ಬರುವುದುಂಟು. ಮೊದಲ ಸಾಲಿನಲ್ಲಿ ಬರೆದ ಹೆಸರಿನ ಬಾಲಕ್ಕೆ ಕಾಣದ ಸಂಕೇತ 13 ಅಂಟಿಕೊಂಡಿರುತ್ತದೆ. ಆ ಹೆಸರಿನ ತಂತ್ರಾಂಶ ಎಲ್ಲಿಯೂ ಸಿಗುವುದಿಲ್ಲ. ಕೆಲವು ಎಡಿಟರುಗಳು ಇದನ್ನು ಟೋಪಿಯಂಥ ಚಿಹ್ನೆಯ ಮುಂದೆ 'ಎಂ' ಎಂದು ತೋರಿಸುತ್ತವೆ. ರೋಮನ್ ವರ್ಣಮಾಲೆಯಲ್ಲಿ ಎಂ ಹದಿಮೂರನೆಯ ಅಕ್ಷರವಲ್ಲವೇ? ಅದೇ ಕಾರಣ. ಇದಕ್ಕೆ ವಿರುದ್ಧವಾದ ತೊಂದರೆಯೂ ಇತ್ತು. ಯುನಿಕ್ಸ್ ಕಡತವನ್ನು ವಿಂಡೋಸ್‌ನ ನೋಟ್‌ಪ್ಯಾಡಿನಲ್ಲಿ ತೆರೆದರೆ ಇಡೀ ಕಡತ ಒಂದೇ ಉದ್ದ ಸಾಲಾಗಿ ಕಾಣುತ್ತಿತ್ತು. ಅದು ಸರಿಹೋದದ್ದು 2018ರಲ್ಲಿ.

ಪರಿಹಾರ ಸರಳ. ಪರದೆಯ ಕೆಳಗಿನ 'ಸಿಆರ್‌ಎಲ್‌ಎಫ್' ಎಂಬುದನ್ನು ಒತ್ತಿ 'ಎಲ್‌ಎಫ್' ಆರಿಸಿ, ಕಡತವನ್ನು ಉಳಿಸಿ. ಇಬ್ಬರು ಮೂವರು ಕೂಡಿ ಗಿಟ್ ಮೂಲಕ ಕೆಲಸ ಮಾಡುವಾಗ ಒಬ್ಬರು ಒಂದು ಸಾಲು ತಿದ್ದಿದರೂ ಇಡೀ ಕಡತವೇ ಬದಲಾದಂತೆ ಕಂಡರೆ, ಆಗಲೂ ಮೊದಲು ಸಂಶಯಪಡಬೇಕಾದದ್ದು ಇದನ್ನೇ. ಇಡೀ ತಂಡಕ್ಕೆ ಒಂದೇ ನಿಯಮವನ್ನು 'ಗಿಟ್‌ಆಟ್ರಿಬ್ಯೂಟ್ಸ್' ಕಡತದಲ್ಲಿ ಬರೆದಿಟ್ಟರೆ ಜಗಳ ಮುಗಿಯಿತು.

ಸ್ತಬ್ಧವಾದ ಪರದೆ, ಹೊರಬರಲಾಗದ ಎಡಿಟರ್

ಕಡತ ಉಳಿಸಲು ಕಂಟ್ರೋಲ್ ಮತ್ತು ಎಸ್ ಕೀಲಿಗಳನ್ನು ಒಟ್ಟಿಗೆ ಒತ್ತುವುದು ನಮ್ಮೆಲ್ಲರ ಅಭ್ಯಾಸ. ಇದೇ ಅಭ್ಯಾಸವನ್ನು ಲಿನಕ್ಸ್‌ನ ಟರ್ಮಿನಲ್ ಕಿಟಕಿಯಲ್ಲಿ ತೋರಿಸಿದರೆ ಪರದೆ ಸ್ತಬ್ಧವಾಗಬಹುದು. ಯಾವ ಕೀಲಿ ಒತ್ತಿದರೂ ಏನೂ ಕಾಣುವುದಿಲ್ಲ. ಯಂತ್ರ ಕೆಟ್ಟಿತೆಂದು ಹೆದರಿ ಕಿಟಕಿಯನ್ನೇ ಮುಚ್ಚಿ, ಬರೆದದ್ದನ್ನೆಲ್ಲ ಕಳೆದುಕೊಂಡವರಿದ್ದಾರೆ.

ಇದಕ್ಕೂ ಮೂಲ ಟೆಲಿಟೈಪೇ. ಅದಕ್ಕೆ ರಂಧ್ರ ಕೊರೆದ ಕಾಗದದ ಪಟ್ಟಿಯನ್ನು ಓದುವ ಒಂದು ಭಾಗವಿತ್ತು. ಓದುವುದನ್ನು ನಿಲ್ಲಿಸಲು 19ನೆಯ ಸಂಕೇತ, ಮತ್ತೆ ಆರಂಭಿಸಲು 17ನೆಯ ಸಂಕೇತ. ವರ್ಣಮಾಲೆಯಲ್ಲಿ ಎಸ್ 19ನೆಯದು, ಕ್ಯೂ 17ನೆಯದು. ಆದ್ದರಿಂದ ಕಂಟ್ರೋಲ್-ಎಸ್ ಎಂದರೆ 'ತಡೆ', ಕಂಟ್ರೋಲ್-ಕ್ಯೂ ಎಂದರೆ 'ಮುಂದುವರಿ'. ಕಾಗದದ ಪಟ್ಟಿ ಕಣ್ಮರೆಯಾಗಿ ದಶಕಗಳೇ ಕಳೆದರೂ ಟರ್ಮಿನಲ್ ಆ ಮಾತನ್ನು ಮರೆತಿಲ್ಲ. ಪರದೆ ನಿಂತರೆ ಗಾಬರಿ ಬೇಡ, ಕಂಟ್ರೋಲ್-ಕ್ಯೂ ಒತ್ತಿ. ನಿಂತ ಹೊತ್ತಿನಲ್ಲಿ ನೀವು ಒತ್ತಿದ ಕೀಲಿಗಳ ಫಲವೆಲ್ಲ ಒಮ್ಮೆಲೇ ಕಾಣಿಸಿಕೊಳ್ಳುತ್ತದೆ.

ಇನ್ನು ಹೊರಬರಲಾಗದ ಎಡಿಟರಿನ ಮಾತು. ಯುನಿಕ್ಸ್‌ನ ಮೊದಲ ಎಡಿಟರುಗಳಲ್ಲಿ ಕೆನ್ ಥಾಮ್ಸನ್ ರಚಿಸಿದ 'ಎಡ್' ಮುಖ್ಯವಾದುದು. ಸೆಕೆಂಡಿಗೆ 10 ಅಕ್ಷರ ಮುದ್ರಿಸುವ ಯಂತ್ರಕ್ಕಾಗಿ ಬರೆದದ್ದರಿಂದ ಅದು ಮಹಾ ಮಿತಭಾಷಿ. ಏನು ತಪ್ಪಾದರೂ ಅದರ ಉತ್ತರ ಒಂದೇ, '?' ಎಂಬ ಪ್ರಶ್ನಾರ್ಥಕ ಚಿಹ್ನೆ.

ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಯಾಗಿದ್ದ ಬಿಲ್ ಜಾಯ್ 1976ರ ಸುಮಾರಿಗೆ 'ವಿಐ' ಎಂಬ ಎಡಿಟರನ್ನು ಬರೆದರು. ಅವರು ಬಳಸುತ್ತಿದ್ದ ದೂರವಾಣಿ ತಂತಿಯ ಸಂಪರ್ಕ ಸೆಕೆಂಡಿಗೆ ಸುಮಾರು 30 ಅಕ್ಷರಗಳನ್ನಷ್ಟೇ ಸಾಗಿಸುತ್ತಿತ್ತು. 80 ಅಂಕಣ, 24 ಸಾಲುಗಳ ಪರದೆಯಲ್ಲಿ 1920 ಅಕ್ಷರಗಳು ಹಿಡಿಯುತ್ತವೆ. ಲೆಕ್ಕ ಹಾಕಿ ನೋಡಿ: ಒಮ್ಮೆ ಪರದೆ ತುಂಬಲು ಒಂದು ನಿಮಿಷಕ್ಕೂ ಹೆಚ್ಚು ಬೇಕು. ಹಾಗಾಗಿ ಕಡಿಮೆ ಕೀಲಿಗಳಲ್ಲಿ ಹೆಚ್ಚು ಕೆಲಸವಾಗಬೇಕಿತ್ತು. ಒಂದೇ ಕೀಲಿ ಒಮ್ಮೆ ಅಕ್ಷರ, ಇನ್ನೊಮ್ಮೆ ಆದೇಶ ಎಂಬ 'ಸ್ಥಿತಿ'ಗಳ ಪದ್ಧತಿ ಈ ಕಾಲದ್ದು. ಅವರ ಮುಂದಿದ್ದ ಎಡಿಎಂ-3ಎ ಎಂಬ ಟರ್ಮಿನಲಿನಲ್ಲಿ ಬಾಣದ ಗುರುತುಗಳು ಹೆಚ್, ಜೆ, ಕೆ, ಎಲ್ ಕೀಲಿಗಳ ಮೇಲೆಯೇ ಇದ್ದವು. ಎಸ್ಕೇಪ್ ಕೀಲಿ ಇಂದಿನ ಟ್ಯಾಬ್ ಕೀಲಿಯ ಜಾಗದಲ್ಲಿ, ಕಿರುಬೆರಳಿಗೆ ಎಟುಕುವಂತೆ ಇತ್ತು. ಇಂದಿನ ಕೀಲಿಮಣೆಯಲ್ಲಿ ಅದು ಮೂಲೆಗೆ ಹೋಗಿದೆ. ಎಡಿಟರಿನ ಏರ್ಪಾಟು ಮಾತ್ರ ಹಾಗೆಯೇ ಇದೆ.

1991ರಲ್ಲಿ ಬ್ರಾಮ್ ಮೂಲೆನಾರ್ ಪ್ರಕಟಿಸಿದ 'ವಿಮ್' ಇದರ ವಂಶದ ಕುಡಿ. ಅದರೊಳಗೆ ಸಿಕ್ಕಿಕೊಂಡರೆ ಎಸ್ಕೇಪ್ ಒತ್ತಿ. ಆಮೇಲೆ ಕೋಲನ್ ಚಿಹ್ನೆ, ಕ್ಯೂ, ಉದ್ಗಾರ ಚಿಹ್ನೆ ಬರೆದು ಎಂಟರ್ ಒತ್ತಿ. ತಿದ್ದಿದ್ದನ್ನು ಬಿಟ್ಟು ಹೊರಬರುತ್ತೀರಿ. ಉಳಿಸಿ ಹೊರಬರಬೇಕಾದರೆ ಕೋಲನ್, ಡಬ್ಲ್ಯು, ಕ್ಯೂ.

ಈ ಸ್ಥಿತಿಗಳ ಪದ್ಧತಿಯನ್ನು ಆಗಲೇ ವಿರೋಧಿಸಿದವರೂ ಇದ್ದರು. ಜೆರಾಕ್ಸ್ ಸಂಸ್ಥೆಯ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದಲ್ಲಿ ಲ್ಯಾರಿ ಟೆಸ್ಲರ್ ಮತ್ತು ಟಿಮ್ ಮಾಟ್ 1970ರ ದಶಕದ ಮಧ್ಯದಲ್ಲಿ 'ಜಿಪ್ಸಿ' ಎಂಬ ಎಡಿಟರ್ ರಚಿಸಿದರು. ಅಲ್ಲಿ ಅಕ್ಷರದ ಕೀಲಿ ಒತ್ತಿದರೆ ಯಾವಾಗಲೂ ಅಕ್ಷರವೇ ಮೂಡುತ್ತಿತ್ತು. ನಾವು ದಿನವೂ ಮಾಡುವ 'ಕಟ್', 'ಕಾಪಿ', 'ಪೇಸ್ಟ್' ಬೆಳೆದುಬಂದದ್ದು ಆ ದಾರಿಯಿಂದ.

ಕಾಣದ ಅಂತರಗಳು

ಪರದೆಯ ಕೆಳಗಿನ ಎರಡನೆಯ ಕಥೆ 'ಸ್ಪೇಸಸ್ 4'. ಬೆರಳಚ್ಚು ಯಂತ್ರದಲ್ಲಿ ಅಂಕಿಗಳನ್ನು ಪಟ್ಟಿಯಾಗಿ ಜೋಡಿಸಲು ಇದ್ದ ಕೀಲಿಯೇ ಟ್ಯಾಬ್. ಗಣಕಯಂತ್ರಕ್ಕೆ ಬಂದಾಗ ಅದೂ ಒಂದು ಸಂಕೇತವಾಯಿತು. ಅದರ ಸಂಖ್ಯೆ 9. ಕಡತದಲ್ಲಿರುವುದು ಒಂದೇ ಸಂಕೇತ. ಅದು ಎಷ್ಟು ಅಗಲವಾಗಿ ಕಾಣಬೇಕೆಂಬುದು ನೋಡುವ ತಂತ್ರಾಂಶಕ್ಕೆ ಬಿಟ್ಟದ್ದು. ಯುನಿಕ್ಸ್ ಲೋಕದಲ್ಲಿ 8 ಅಂಕಣ ರೂಢಿ. ಹೊಸ ಎಡಿಟರುಗಳಲ್ಲಿ 4. ಒಬ್ಬರ ಪರದೆಯಲ್ಲಿ ನೇರವಾಗಿ ನಿಂತ ಸಾಲುಗಳು ಇನ್ನೊಬ್ಬರ ಪರದೆಯಲ್ಲಿ ಅಡ್ಡಾದಿಡ್ಡಿಯಾಗಲು ಇದೇ ಕಾರಣ.

ಅಂದ ಕೆಟ್ಟರೆ ಹೋಗಲಿ ಎನ್ನಬಹುದು. ಆದರೆ ಕೆಲವು ಕಡೆ ಅರ್ಥವೇ ಕೆಡುತ್ತದೆ. 1976ರಲ್ಲಿ ಬೆಲ್ ಪ್ರಯೋಗಾಲಯದ ಸ್ಟುವರ್ಟ್ ಫೆಲ್ಡ್‌ಮನ್ 'ಮೇಕ್' ಎಂಬ ಉಪಯುಕ್ತ ತಂತ್ರಾಂಶ ಬರೆದರು. ಅದರ ಕಡತದಲ್ಲಿ ಆದೇಶದ ಸಾಲುಗಳು ಟ್ಯಾಬ್‌ನಿಂದಲೇ ಆರಂಭವಾಗಬೇಕು. ಇದು ತೊಡಕೆಂದು ಅವರಿಗೆ ಬೇಗನೆ ಅರಿವಾಯಿತು. ಆದರೆ ಅಷ್ಟರಲ್ಲಿ ಹನ್ನೆರಡು ಮಂದಿಯಷ್ಟು ಬಳಕೆದಾರರಿದ್ದರು. ಅವರಿಗೆ ತೊಂದರೆಯಾದೀತೆಂದು ಬದಲಾಯಿಸಲಿಲ್ಲ ಎಂದು ಅವರೇ ಹೇಳಿಕೊಂಡಿದ್ದಾರೆ. ಅಂದು ಆ ಕೆಲವರಿಗೆ ತೋರಿದ ದಾಕ್ಷಿಣ್ಯ ಆಮೇಲೆ ಬಂದ ಎಲ್ಲರ ಪಾಲಿಗೂ ಕಡ್ಡಾಯವಾಯಿತು. ಟ್ಯಾಬ್ ಬದಲು ಖಾಲಿ ಜಾಗಗಳಿದ್ದರೆ ಇಂದಿಗೂ ಬರುವ ದೂರು 'ಮಿಸ್ಸಿಂಗ್ ಸೆಪರೇಟರ್'. ನಿಮ್ಮ ಎಡಿಟರ್ ಟ್ಯಾಬ್ ಕೀಲಿಯನ್ನು ತಾನಾಗಿ ನಾಲ್ಕು ಖಾಲಿ ಜಾಗಗಳಾಗಿ ಮಾರ್ಪಡಿಸುತ್ತಿದ್ದರೆ ಈ ತಪ್ಪು ಖಚಿತ. ಅಂಥ ಕಡತಕ್ಕೆ ಮಾತ್ರ 'ಟ್ಯಾಬ್' ಎಂದು ಬದಲಿಸಿಕೊಳ್ಳಬೇಕು.

ಪೈಥಾನ್ ಭಾಷೆಯಲ್ಲಿ ಪರಿಸ್ಥಿತಿ ತಿರುವುಮುರುವು. ಗೀಡೊ ವಾನ್ ರೋಸಮ್ 1991ರಲ್ಲಿ ಪ್ರಕಟಿಸಿದ ಈ ಭಾಷೆಯಲ್ಲಿ ಸಾಲಿನ ಮುಂದಿನ ಖಾಲಿ ಜಾಗವೇ ವ್ಯಾಕರಣ. ಯಾವ ಸಾಲು ಯಾವುದರ ಒಳಗೆ ಬರುತ್ತದೆ ಎಂಬುದನ್ನು ಅದೇ ಹೇಳುತ್ತದೆ. ಒಂದು ಸಾಲಿನಲ್ಲಿ ಟ್ಯಾಬ್, ಮುಂದಿನದರಲ್ಲಿ ಖಾಲಿ ಜಾಗ ಇದ್ದರೆ ಕಣ್ಣಿಗೆ ಎರಡೂ ಸಮ. ಗಣಕಕ್ಕೆ ಬೇರೆ ಬೇರೆ. 2008ರಲ್ಲಿ ಬಂದ ಪೈಥಾನ್ 3 ಇಂಥ ಕಲಬೆರಕೆಯನ್ನು ತಪ್ಪೆಂದು ತಿರಸ್ಕರಿಸುತ್ತದೆ. 2001ರ ಬರವಣಿಗೆಯ ಮಾರ್ಗಸೂಚಿ ನಾಲ್ಕು ಖಾಲಿ ಜಾಗಗಳನ್ನು ಶಿಫಾರಸು ಮಾಡುತ್ತದೆ. ಎಡಿಟರಿನಲ್ಲಿ 'ರೆಂಡರ್ ವೈಟ್‌ಸ್ಪೇಸ್' ಎಂಬ ಸೆಟ್ಟಿಂಗನ್ನು ಚಾಲೂ ಮಾಡಿದರೆ ಖಾಲಿ ಜಾಗ ಚುಕ್ಕಿಯಾಗಿಯೂ ಟ್ಯಾಬ್ ಬಾಣವಾಗಿಯೂ ಕಾಣುತ್ತದೆ.

ಟರ್ಬೊ ಕಾಲದ ನೆನಪುಗಳು

1983ರಲ್ಲಿ ಬೋರ್ಲ್ಯಾಂಡ್ ಸಂಸ್ಥೆ ಟರ್ಬೊ ಪ್ಯಾಸ್ಕಲ್ ಎಂಬ ಪ್ಯಾಕೇಜನ್ನು 49 ಡಾಲರ್ 95 ಸೆಂಟುಗಳಿಗೆ ಮಾರುಕಟ್ಟೆಗೆ ತಂದಿತು. ಎಡಿಟರ್, ಕಂಪೈಲರ್ ಎರಡೂ ಅದರಲ್ಲಿ ಒಂದೇ ಕಡೆ ಇದ್ದವು. 1987ರಲ್ಲಿ ಟರ್ಬೊ ಸಿ, 1990ರಲ್ಲಿ ಟರ್ಬೊ ಸಿ++ ಬಂದವು. ಕರ್ನಾಟಕವೂ ಸೇರಿದಂತೆ ಭಾರತದ ಕಾಲೇಜುಗಳ ಪ್ರಯೋಗಾಲಯಗಳಲ್ಲಿ ಅದರ ನೀಲಿ ಪರದೆ ಬಹುಕಾಲ ಆಳಿತು. ಹೊಸ ಗಣಕಗಳಲ್ಲಿ ಡಾಸ್‌ಬಾಕ್ಸ್ ಎಂಬ ತಂತ್ರಾಂಶದೊಳಗೆ ಅದನ್ನು ಓಡಿಸಿದವರೂ ಬಹಳ. ಅದರ ಪ್ರಸಿದ್ಧ ತೊಡಕು 'ಅನೇಬಲ್ ಟು ಓಪನ್ ಇನ್‌ಕ್ಲೂಡ್ ಫೈಲ್'. ತಂತ್ರಾಂಶವನ್ನು ಒಂದು ಫೋಲ್ಡರಿನಲ್ಲಿ ಸ್ಥಾಪಿಸಿ, ಸೆಟ್ಟಿಂಗಿನಲ್ಲಿ ಬೇರೆ ಫೋಲ್ಡರಿನ ವಿಳಾಸ ಉಳಿದಿದ್ದರೆ ಹೀಗಾಗುತ್ತದೆ. 'ಆಪ್ಷನ್ಸ್' ಪಟ್ಟಿಯ 'ಡೈರೆಕ್ಟರೀಸ್' ವಿಭಾಗದಲ್ಲಿ ಸರಿಯಾದ ವಿಳಾಸ ಕೊಟ್ಟರೆ ಸಾಕು.

ಟರ್ಬೊ ಕಲಿಸಿದ ಒಂದು ಭಾವನೆ ಇಂದಿಗೂ ಗೊಂದಲಕ್ಕೆ ಕಾರಣವಾಗಿದೆ. ಎಡಿಟರ್ ಹಾಕಿಕೊಂಡರೆ ಕಂಪೈಲರೂ ಬಂದಂತೆ ಎಂಬುದೇ ಆ ಭಾವನೆ. ವಿಷುಯಲ್ ಸ್ಟುಡಿಯೊ ಕೋಡ್ ಬರಿಯ ಎಡಿಟರ್. ಅದರೊಳಗೆ ಸಿ ಭಾಷೆಯ ಕಂಪೈಲರ್ ಇಲ್ಲ. ಅದನ್ನು ಬೇರೆಯಾಗಿ ಸ್ಥಾಪಿಸಬೇಕು. ಅದು ಎಲ್ಲಿದೆ ಎಂಬುದನ್ನು 'ಪಾತ್' ಎಂಬ ವಿಳಾಸಪಟ್ಟಿಯಲ್ಲಿ ಸೇರಿಸಬೇಕು. ಹಾಗೆ ಮಾಡದಿದ್ದರೆ ಆದೇಶವೇ ಗೊತ್ತಿಲ್ಲವೆಂದು ಗಣಕ ಹೇಳುತ್ತದೆ. ಸೇರಿಸಿದ ಮೇಲೂ ಅದೇ ದೂರು ಬರುತ್ತಿದೆಯೇ? ಎಡಿಟರನ್ನು ಪೂರ್ತಿ ಮುಚ್ಚಿ ಮತ್ತೆ ತೆರೆಯಿರಿ. ಪ್ರತಿಯೊಂದು ತಂತ್ರಾಂಶವೂ ಆರಂಭವಾಗುವ ಹೊತ್ತಿನಲ್ಲಿ ಈ ಪಟ್ಟಿಯ ನಕಲನ್ನು ಪಡೆಯುತ್ತದೆ; ಆಮೇಲೆ ಆದ ಬದಲಾವಣೆ ಅದಕ್ಕೆ ತಾನಾಗಿ ತಿಳಿಯದು. 1979ರ ಯುನಿಕ್ಸ್ ಏಳನೆಯ ಆವೃತ್ತಿಯಲ್ಲಿ ರೂಪುಗೊಂಡ ಪದ್ಧತಿ ಇದು.

ಟರ್ಬೊ ಕಾಲದ ಪುಸ್ತಕ ನೋಡಿ ಬರೆದ ಪ್ರೋಗ್ರಾಮಿನಲ್ಲಿ ಪರದೆ ಅಳಿಸುವ 'ಕ್ಲಿಯರ್ ಸ್ಕ್ರೀನ್' ಆದೇಶ ಹೊಸ ಕಂಪೈಲರಿಗೆ ತಿಳಿಯದಿದ್ದರೆ, ಅದು ನಿಮ್ಮ ತಪ್ಪಲ್ಲ. ಅದು ಬೋರ್ಲ್ಯಾಂಡ್ ತನ್ನದಾಗಿ ಸೇರಿಸಿದ್ದು, ಭಾಷೆಯ ಮಾನಕದಲ್ಲಿಲ್ಲ. ಸಿ++ ಭಾಷೆಗೆ ಅಂತರರಾಷ್ಟ್ರೀಯ ಮಾನಕ ಸಿಕ್ಕಿದ್ದೇ 1998ರಲ್ಲಿ, ಟರ್ಬೊ ಬಂದ ಎಷ್ಟೋ ವರ್ಷಗಳ ಮೇಲೆ. ಇನ್ನೊಂದು ಸ್ವಾರಸ್ಯ: ಟರ್ಬೊ ಪ್ಯಾಸ್ಕಲ್‌ನ ಕಂಪೈಲರ್ ಬರೆದ ಆಂಡರ್ಸ್ ಹೈಲ್ಸ್‌ಬರ್ಗ್ ಅವರೇ 2012ರಲ್ಲಿ ಪ್ರಕಟವಾದ ಟೈಪ್‌ಸ್ಕ್ರಿಪ್ಟ್ ಭಾಷೆಯ ರೂವಾರಿಗಳು, ವಿಷುಯಲ್ ಸ್ಟುಡಿಯೊ ಕೋಡ್ ಬರೆದಿರುವುದು ಆ ಭಾಷೆಯಲ್ಲಿ.

ಕನ್ನಡದ ಕಡತ ತೆರೆದಾಗ

ಮೂರನೆಯ ಕಥೆ 'ಯುಟಿಎಫ್-8'. ಇದು ನಮಗೆ ತೀರ ಹತ್ತಿರದ್ದು. ಆಸ್ಕಿಯಲ್ಲಿ ಇದ್ದದ್ದು 128 ಸಂಕೇತಗಳು. ರೋಮನ್ ಲಿಪಿಗೆ ಅಷ್ಟೇ ಸಾಕು. ಕನ್ನಡಕ್ಕೆ ಅಲ್ಲಿ ಜಾಗವಿರಲಿಲ್ಲ. ಭಾರತೀಯ ಲಿಪಿಗಳಿಗಾಗಿ 'ಇಸ್ಕಿ' ಎಂಬ ಮಾನಕವನ್ನು ಭಾರತೀಯ ಮಾನಕ ಬ್ಯೂರೊ 1991ರಲ್ಲಿ ಪ್ರಕಟಿಸಿತು. ಅದೇ ವರ್ಷ ಹೊರಬಂದ ಯುನಿಕೋಡ್‌ನ ಮೊದಲ ಆವೃತ್ತಿಯಲ್ಲೂ ಕನ್ನಡಕ್ಕೆ 128 ಸ್ಥಾನಗಳು ಮೀಸಲಾದವು. ಆದರೆ ಸಾಮಾನ್ಯ ಗಣಕಗಳಲ್ಲಿ ಯುನಿಕೋಡ್ ಕನ್ನಡ ಕಾಣಿಸಲು ಇನ್ನೂ ಹತ್ತು ವರ್ಷ ಹಿಡಿಯಿತು. ವಿಂಡೋಸ್‌ನಲ್ಲಿ ಅದು ಬಂದದ್ದು 2001ರ ಎಕ್ಸ್‌ಪಿ ಆವೃತ್ತಿಯಲ್ಲಿ.

ಆ ನಡುವೆ ಕನ್ನಡಿಗರು ಕೈಕಟ್ಟಿ ಕೂರಲಿಲ್ಲ. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂದಿತು; ಕನ್ನಡ ಗಣಕ ಪರಿಷತ್ತು 'ನುಡಿ'ಯನ್ನು ರೂಪಿಸಿತು. ಆ ಕಾಲದ ತಂತ್ರಾಂಶಗಳಲ್ಲಿ ರೋಮನ್ ಅಕ್ಷರ ಮತ್ತು ಚಿಹ್ನೆಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ ಫಾಂಟುಗಳನ್ನು ಬಳಸುತ್ತಿದ್ದರು. ಆ ಫಾಂಟು ಇದ್ದರೆ ಕನ್ನಡ, ಇಲ್ಲದಿದ್ದರೆ ಕಲಸುಮೇಲೋಗರ. ಕೋಡ್ ಎಡಿಟರ್ ತೆರೆಯುವ ಸಾದಾ ಕಡತದಲ್ಲಿ ಫಾಂಟಿನ ಸುದ್ದಿಯೇ ಇರುವುದಿಲ್ಲ. ಹೀಗಾಗಿ ಹಳೆಯ ನುಡಿ, ಬರಹ ಕಡತಗಳು ಅಲ್ಲಿ ಅರ್ಥಹೀನವಾಗಿ ಕಾಣುತ್ತವೆ. ಇಲ್ಲಿ ಸೆಟ್ಟಿಂಗ್ ಬದಲಿಸಿ ಪ್ರಯೋಜನವಿಲ್ಲ. ಹಳೆಯ ಸಂಕೇತವನ್ನು ಯುನಿಕೋಡ್‌ಗೆ ಪರಿವರ್ತಿಸುವ ತಂತ್ರಾಂಶವನ್ನೇ ಬಳಸಬೇಕು. ಆ ವರ್ಷಗಳಲ್ಲಿ ಕನ್ನಡದಲ್ಲಿ ಬೆರಳಚ್ಚಾದ ಕಥೆ, ಲೇಖನ, ಪಾಠ, ಪತ್ರಗಳಿಗೆ ಲೆಕ್ಕವಿಲ್ಲ. ಅರ್ಥವಾಗಲಿಲ್ಲವೆಂದು ಯಾರಾದರೂ ಅಂಥ ಕಡತವನ್ನು ಅಳಿಸಿದರೆ ಹೋಗುವುದು ನಮ್ಮದೇ ಬರಹ.

ಇದಕ್ಕಿಂತ ಬೇರೆಯದು, ಯುನಿಕೋಡ್ ಕಡತವೇ ತಪ್ಪಾಗಿ ತೆರೆದುಕೊಳ್ಳುವುದು. 1992ರ ಸೆಪ್ಟೆಂಬರಿನಲ್ಲಿ ಕೆನ್ ಥಾಮ್ಸನ್ ಮತ್ತು ರಾಬ್ ಪೈಕ್ ನ್ಯೂಜೆರ್ಸಿಯ ಒಂದು ಉಪಾಹಾರ ಗೃಹದಲ್ಲಿ ಊಟದ ಮೇಜಿನ ಕಾಗದದ ಮೇಲೆ ಯುಟಿಎಫ್-8 ಪದ್ಧತಿಯನ್ನು ರೂಪಿಸಿದರು. ಅದರಲ್ಲಿ ರೋಮನ್ ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. ಎಡಿಟರ್ ಇದನ್ನು ಹಳೆಯ ಪಾಶ್ಚಾತ್ಯ ಪಟ್ಟಿಯೆಂದು ಭಾವಿಸಿದರೆ ಪ್ರತಿ ಕನ್ನಡ ಸಂಕೇತವೂ ಮೂರು ಚೂರಾಗುತ್ತದೆ. ತಲೆಯ ಮೇಲೆ ಓರೆಗೆರೆಯುಳ್ಳ ರೋಮನ್ 'ಎ', ಅದರ ಪಕ್ಕ ಮೇಲೆ ಬರೆದ ಪುಟ್ಟ 2 ಅಥವಾ 3, ಮತ್ತೊಂದು ಚಿಹ್ನೆ. ಇವು ಮತ್ತೆ ಮತ್ತೆ ಬಂದರೆ ರೋಗ ಇದೇ ಎಂದು ತಿಳಿಯಿರಿ. ಆಗ 'ರೀಓಪನ್ ವಿತ್ ಎನ್‌ಕೋಡಿಂಗ್' ಆರಿಸಿ ಯುಟಿಎಫ್-8 ಎನ್ನಿ. ಒಂದು ಎಚ್ಚರಿಕೆ: ಕೆಟ್ಟು ಕಾಣುತ್ತಿರುವಾಗ ಕಡತವನ್ನು ಉಳಿಸಬೇಡಿ. ಅಕ್ಷರಗಳ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳು ಕೂತು ಕಡತ ಉಳಿದುಬಿಟ್ಟರೆ ಮೂಲ ಮರಳಿ ಬಾರದು.

ಕಣ್ಣಿಗೂ ಗಣಕಕ್ಕೂ ಲೆಕ್ಕ ಬೇರೆ ಎಂಬುದಕ್ಕೆ 'ಕನ್ನಡ' ಎಂಬ ಪದವೇ ಸಾಕ್ಷಿ. ನಮಗೆ ಮೂರು ಅಕ್ಷರ. ಯುನಿಕೋಡ್‌ನಲ್ಲಿ ಕ, ನ, ವಿರಾಮ, ನ, ಡ ಎಂದು ಐದು ಸಂಕೇತ. ಯುಟಿಎಫ್-8ರಲ್ಲಿ 15 ಬೈಟ್. ಕಂಪೈಲರ್ ಹೇಳುವ ಅಂಕಣ ಸಂಖ್ಯೆ ಕನ್ನಡವಿರುವ ಸಾಲಿನಲ್ಲಿ ತಪ್ಪಿದಂತೆ ತೋರುವುದು ಇದರಿಂದ. 'ರಾಜ್‌ಕುಮಾರ್' ಎಂದು ಬರೆಯುವಾಗ ಜ ಮತ್ತು ಕ ಒತ್ತಾಗದಂತೆ ತಡೆಯಲು ನಡುವೆ ಅಗಲವೇ ಇಲ್ಲದ ಒಂದು ಸಂಕೇತವನ್ನು ಸೇರಿಸುತ್ತಾರೆ. ಅದಿಲ್ಲದೆ ಹುಡುಕಿದರೆ ಕಣ್ಣೆದುರಿನ ಪದವೂ ಸಿಗದೆ ಹೋಗಬಹುದು. ಕಾಣದ ಸಂಕೇತಗಳಿಂದ ಮೋಸವೂ ಸಾಧ್ಯವೆಂದು 2021ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ನಿಕೋಲಸ್ ಬೌಚರ್ ಮತ್ತು ರಾಸ್ ಆಂಡರ್ಸನ್ ತೋರಿಸಿಕೊಟ್ಟರು. ಕೆಲವು ಎಡಿಟರುಗಳು ಅಂಥವನ್ನು ಚೌಕಟ್ಟು ಹಾಕಿ ತೋರಿಸುವುದು ಈ ಕಾರಣಕ್ಕೆ.

ಪದರಗಳ ಲೆಕ್ಕ

ಕೊನೆಯದಾಗಿ ಸೆಟ್ಟಿಂಗುಗಳ ವಿಚಾರ. ವಿಮ್ ಮೊದಲಾದವುಗಳ ಸೆಟ್ಟಿಂಗ್ ಕಡತದ ಹೆಸರಿನ ಕೊನೆಗೆ 'ಆರ್‌ಸಿ' ಎಂದಿರುತ್ತದೆ. ಅಮೆರಿಕದ ಎಂಐಟಿಯಲ್ಲಿ 1960ರ ದಶಕದಲ್ಲಿದ್ದ ಸಿಟಿಎಸ್‌ಎಸ್ ವ್ಯವಸ್ಥೆಯ 'ರನ್‌ಕಾಂ' ಎಂಬ ಸೌಲಭ್ಯದ ನೆನಪು ಅದು. ಇಂದಿನ ಎಡಿಟರುಗಳಲ್ಲಿ ಸೆಟ್ಟಿಂಗು ಒಂದರ ಮೇಲೊಂದು ಪದರವಾಗಿರುತ್ತದೆ: ಎಡಿಟರಿನ ಮೂಲ ಸೆಟ್ಟಿಂಗ್, ಅದರ ಮೇಲೆ ನಿಮ್ಮದು, ಅದರ ಮೇಲೆ ಆ ಯೋಜನೆಯ ಫೋಲ್ಡರಿನದು. ಮೇಲಿನ ಪದರದ ಮಾತೇ ನಡೆಯುತ್ತದೆ. "ನಾನು ಬದಲಿಸಿದೆ, ಆದರೂ ಬದಲಾಗಲಿಲ್ಲ" ಎನ್ನುವವರು ಫೋಲ್ಡರಿನ ಸೆಟ್ಟಿಂಗನ್ನು ಒಮ್ಮೆ ನೋಡಬೇಕು.

ಎಡಿಟರಿಗೆ ಸೇರಿಸಿಕೊಂಡ ವಿಸ್ತರಣೆಗಳಲ್ಲಿ, ಅಂದರೆ ಎಕ್ಸ್‌ಟೆನ್ಷನ್‌ಗಳಲ್ಲಿ, ಒಂದು ಕೆಟ್ಟಿದ್ದರೂ ಇಡೀ ಎಡಿಟರ್ ನಿಧಾನವಾಗಬಹುದು. ಮೊದಲು ಯಾವ ವಿಸ್ತರಣೆಯೂ ಇಲ್ಲದೆ ತೆರೆದು ನೋಡಿ. ಆಗ ಸರಿಯಿದ್ದರೆ ಅರ್ಧದಷ್ಟನ್ನು ಚಾಲೂ ಮಾಡಿ. ತೊಂದರೆ ಯಾವ ಅರ್ಧದಲ್ಲಿದೆ ಎಂದು ತಿಳಿಯುತ್ತದೆ. ಅದನ್ನು ಮತ್ತೆ ಅರ್ಧ ಮಾಡಿ. ಹದಿನಾರು ವಿಸ್ತರಣೆಗಳಿದ್ದರೆ ನಾಲ್ಕೇ ಹೆಜ್ಜೆಯಲ್ಲಿ ಅಪರಾಧಿ ಸಿಗುತ್ತದೆ.

ಎಡಿಟರುಗಳು ಬರುತ್ತವೆ, ಹೋಗುತ್ತವೆ. 2014ರಲ್ಲಿ ಸಂಭ್ರಮದಿಂದ ಬಂದ 'ಆಟಮ್' 2022ರ ಡಿಸೆಂಬರಿನಲ್ಲಿ ನಿಂತುಹೋಯಿತು. ಆದರೆ ಅದರಲ್ಲಿ ಬರೆದ ಕಡತಗಳು ಉಳಿದಿವೆ. 13, 10, 9 ಎಂಬ ಸಂಕೇತಗಳೂ ಉಳಿದಿವೆ. ಆದ್ದರಿಂದ ಮುಂದಿನ ಸಲ ಎಡಿಟರ್ ಹಟ ಹಿಡಿದಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ಕಡತದಲ್ಲಿ ನನಗೆ ಕಾಣದ್ದು ಏನಿದೆ? ಇದು ಯಾವ ಕಾಲದ, ಯಾವ ಯಂತ್ರದ ತೀರ್ಮಾನ? ಈಗ ಯಾವ ಪದರದ ಮಾತು ನಡೆಯುತ್ತಿದೆ? ಉತ್ತರ ತೋಚದಿದ್ದರೆ, ನಿಮ್ಮ ಹೆಸರನ್ನು ಕನ್ನಡದಲ್ಲಿ ಬರೆದು ಒಂದು ಪುಟ್ಟ ಕಡತ ಉಳಿಸಿ, ಅದರ ಸಂಕೇತಗಳನ್ನು ಎಣಿಸುವುದರಿಂದ ಆರಂಭಿಸಿ. ಎಷ್ಟು ಬೈಟುಗಳಾದವು ಎಂದು ಪಕ್ಕದ ಗೆಳೆಯರ ಲೆಕ್ಕದೊಡನೆ ಹೋಲಿಸಿ ನೋಡಿ.